ಬಿಸಿಎ ಮುಗಿಯುತ್ತಿದೆ, ಸೈಬರ್ ಭದ್ರತೆ ಕಲಿಯಬೇಕು: 85,000 ರೂಪಾಯಿ ಕಟ್ಟಲೇ, ಬೇಡವೇ?

ಇಂಡಿ_ಲಿಂಬೆತೋಟ:
ಎಲ್ಲರಿಗೂ ನಮಸ್ಕಾರ. ವಿಜಯಪುರದಲ್ಲಿ ಬಿಸಿಎ ಕೊನೆಯ ವರ್ಷದಲ್ಲಿದ್ದೇನೆ. ಊರು ಇಂಡಿ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ಎರಡು ಎಕರೆ ಲಿಂಬೆ ತೋಟವಿದೆ.

ಕಳೆದ ವರ್ಷ ನಮ್ಮ ಕಾಕಾನ ವಾಟ್ಸ್‌ಆ್ಯಪ್‌ಗೆ ‘ಪಿಎಂ ಕಿಸಾನ್’ ಹೆಸರಿನ ಎಪಿಕೆ ಫೈಲ್ (ಆಂಡ್ರಾಯ್ಡ್ ಫೋನಿಗೆ ಆ್ಯಪ್ ಹಾಕುವ ಫೈಲ್) ಬಂದಿತ್ತು. ಕಂತು ಜಮೆಯಾಗಿಲ್ಲ, ವಿವರ ತುಂಬಿ ಎಂದು ಅದರಲ್ಲಿತ್ತು. ತುಂಬಿದರು. ಅಂದು ರಾತ್ರಿಯೇ ಖಾತೆಯಿಂದ 1,40,000 ರೂಪಾಯಿ ಹೋಯಿತು. ಯಾರಿಗೂ ಒಟಿಪಿ ಹೇಳಿಲ್ಲ ಎಂದು ಕಾಕಾ ಇಂದಿಗೂ ಆಣೆ ಮಾಡುತ್ತಾರೆ. ಮೂರನೆಯ ದಿನ ಠಾಣೆಗೆ ಹೋದಾಗ ಹಣ ನಾಲ್ಕಾರು ಖಾತೆಗಳನ್ನು ದಾಟಿ ಹೋಗಿತ್ತು. ಒಟಿಪಿ ಹೇಳದೆ ಹಣ ಹೋದದ್ದು ಹೇಗೆ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಈ ಕೆಲಸವನ್ನೇ ಕಲಿಯಬೇಕೆಂದು ಆಗಲೇ ತೀರ್ಮಾನಿಸಿದೆ.

ಈಗ ಒಂದು ತರಬೇತಿ ಸಂಸ್ಥೆಯವರು ಕಾಲೇಜಿಗೆ ಬಂದು ಆರು ತಿಂಗಳ ‘ಎಥಿಕಲ್ ಹ್ಯಾಕಿಂಗ್’ ಕೋರ್ಸ್, ಶುಲ್ಕ 85,000, ಕೆಲಸ ಖಚಿತ ಎಂದು ಹೇಳಿ ಹೋಗಿದ್ದಾರೆ. ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆಯಲು ಸಿದ್ಧರಿದ್ದಾರೆ. ನನಗೆ ಧೈರ್ಯ ಸಾಲುತ್ತಿಲ್ಲ. ಈ ಕ್ಷೇತ್ರದಲ್ಲಿ ಇರುವವರು ದಯವಿಟ್ಟು ಹೇಳಿ. ನನ್ನ ಲ್ಯಾಪ್‌ಟಾಪ್ 4 ಜಿಬಿಯದು, ಹಳೆಯದು.

ನವನಗರದವನು:
ತಂಗಿ, ಕಟ್ಟಬೇಡ. ಅಪ್ಪನಿಗೆ ಇಂದೇ ಫೋನ್ ಮಾಡಿ ಸಾಲದ ಅರ್ಜಿ ನಿಲ್ಲಿಸು. ಉಳಿದದ್ದನ್ನು ಸಂಜೆ ಬರೆಯುತ್ತೇನೆ, ಈಗ ಪಾಳಿಯಲ್ಲಿದ್ದೇನೆ.

ಹಿಂಡಲಗಾ_ರಸ್ತೆ:
ನಾನು ಕಟ್ಟಿದವನು. 2021ರಲ್ಲಿ ಬೆಳಗಾವಿಯಲ್ಲಿ 60,000 ರೂಪಾಯಿ, ಅದೂ ಅವ್ವನ ಬಂಗಾರ ಅಡವಿಟ್ಟು. ಯಾವ ಸಂಸ್ಥೆ ಎಂದು ಬರೆಯುವುದಿಲ್ಲ. ಭದ್ರತಾ ಪರೀಕ್ಷೆಯ ಉಪಕರಣಗಳಿರುವ ಕಾಲಿ ಲಿನಕ್ಸ್ ಹಾಕಿಕೊಟ್ಟರು, ಒಂದಾದ ಮೇಲೊಂದು ಉಪಕರಣ ಓಡಿಸುವುದನ್ನು ತೋರಿಸಿದರು. ಈ ಆಜ್ಞೆ ಬರೆಯಿರಿ, ಈ ಬಣ್ಣದ ಸಾಲು ಬಂದರೆ ‘ಒಳಗೆ ಹೋದೆವು’ ಎಂದರ್ಥ ಎನ್ನುತ್ತಿದ್ದರು. ಐಪಿ ವಿಳಾಸ ಎಂದರೇನು, ಪೋರ್ಟ್ ಎಂದರೇನು ಎಂದು ಆರು ತಿಂಗಳಲ್ಲಿ ಒಂದು ದಿನವೂ ಕೂರಿಸಿ ಹೇಳಲಿಲ್ಲ. ಕೊನೆಗೆ ಕೊಟ್ಟ ಪ್ರಮಾಣಪತ್ರ ಅವರೇ ಅಚ್ಚು ಹಾಕಿಸಿದ್ದು. ಸಂದರ್ಶನದಲ್ಲಿ ಮೊದಲ ಪ್ರಶ್ನೆ ‘ಡಿಎನ್‌ಎಸ್ ಎಂದರೇನು?’ ತಾಣದ ಹೆಸರಿನಿಂದ ಅದರ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ ಅದು. ನನಗೆ ಉತ್ತರ ಬರಲಿಲ್ಲ. ಆ ದಿನದ ನಾಚಿಕೆ ಇನ್ನೂ ಹೋಗಿಲ್ಲ. ನಿನಗೆ ಅದು ಬೇಡ, ತಂಗಿ.

ವಿದ್ಯಾಗಿರಿ_ಮೇಷ್ಟ್ರು:
ನಾನು ಬಾಗಲಕೋಟೆಯಲ್ಲಿ ಪಾಠ ಹೇಳುವವನು. ಎಲ್ಲ ತರಬೇತಿಯೂ ಮೋಸ ಎಂದು ಒಂದೇ ಏಟಿಗೆ ತಳ್ಳಿಹಾಕಬೇಡಿ. ಮನೆಯಲ್ಲಿ ಒಬ್ಬಂಟಿಯಾಗಿ ಕುಳಿತು ಕಲಿಯುವ ಶಿಸ್ತು ಎಲ್ಲರಿಗೂ ಇರುವುದಿಲ್ಲ. ಎರಡು ವಾರ ಉತ್ಸಾಹ, ಮೂರನೆಯ ವಾರ ಮೊಬೈಲ್: ಇದನ್ನು ವರ್ಷ ವರ್ಷವೂ ನೋಡುತ್ತಿದ್ದೇನೆ. ತರಗತಿ ಬೇಕೆನ್ನುವವರಿಗೆ ಕೇಂದ್ರ ಸರ್ಕಾರದ ಸಿ-ಡ್ಯಾಕ್ ಇದೆ. ಅಲ್ಲಿ ಐಟಿ ಮೂಲಸೌಕರ್ಯ, ವ್ಯವಸ್ಥೆ ಮತ್ತು ಭದ್ರತೆಯ ಬಗ್ಗೆ ಸ್ನಾತಕೋತ್ತರ ಡಿಪ್ಲೊಮಾ ಇದೆ, ಡಿಟಿಸ್ ಎನ್ನುತ್ತಾರೆ. ಸಿ-ಕ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಅದಕ್ಕೂ ಶುಲ್ಕವಿದೆ, ಕಡಿಮೆಯೇನಲ್ಲ. ಆದರೆ ಪ್ರವೇಶ ಪರೀಕ್ಷೆ ಇಟ್ಟು ಸೇರಿಸಿಕೊಳ್ಳುವವರಿಗೂ ಹಣ ತಂದ ಯಾರನ್ನಾದರೂ ಸೇರಿಸಿಕೊಳ್ಳುವವರಿಗೂ ವ್ಯತ್ಯಾಸವಿದೆ. ಬಿಸಿಎ ಮಾತ್ರ ಇದ್ದರೆ ಅರ್ಹತೆಯ ನಿಯಮವನ್ನು ಮೊದಲು ಓದಿಕೊಳ್ಳಮ್ಮ.

ಐಐಟಿಗಳವರ ಆನ್‌ಲೈನ್ ಪಾಠಗಳಿರುವ ಎನ್‌ಪಿಟಿಇಎಲ್ ಇದೆ, ಪಾಠ ನೋಡುವುದು ಉಚಿತ. ಪ್ರಮಾಣಪತ್ರ ಬೇಕಾದರೆ ಮಾತ್ರ ಪರೀಕ್ಷೆಗೆ ಶುಲ್ಕ. ಕಂಪ್ಯೂಟರ್ ನೆಟ್‌ವರ್ಕ್ ಪಾಠದಿಂದ ಶುರು ಮಾಡು.

ಸಿಂದಗಿ_ಕಾಮರ್ಸ್:
ನಾನು ಬಿ.ಕಾಂ. ಕೋಡಿಂಗ್ ಬರುವುದಿಲ್ಲ. ನನ್ನಂಥವರಿಗೆ ಇಲ್ಲಿ ಏನಾದರೂ ಇದೆಯೇ?

ನವನಗರದವನು:
ಪಾಳಿ ಮುಗಿಯಿತು, ಈಗ ವಿವರವಾಗಿ ಹೇಳುತ್ತೇನೆ.

ಮೊದಲು ನಿಮ್ಮ ಕಾಕಾನ ವಿಷಯ. ಅವರು ಹೇಳುತ್ತಿರುವುದು ನಿಜವಿರಬಹುದು, ನಂಬು. ಅಂಥ ಆ್ಯಪ್ ಹಾಕುವಾಗ ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ. ‘ಅಲೋ’ ಒತ್ತಿದ ಮೇಲೆ ಬಂದ ಒಟಿಪಿಯನ್ನು ಆ್ಯಪ್ ತಾನೇ ಓದಿ ವಂಚಕನಿಗೆ ಕಳಿಸುತ್ತದೆ. ಬಾಯಿಬಿಟ್ಟು ಹೇಳುವ ಅಗತ್ಯವೇ ಇಲ್ಲ. ಎಪಿಕೆ ಎಂಬುದು ಮೂಲತಃ ಒಂದು ಜಿಪ್ ಕಟ್ಟು. ಒಳಗೆ ಮ್ಯಾನಿಫೆಸ್ಟ್ ಎಂಬ ಫೈಲ್‌ನಲ್ಲಿ ಆ್ಯಪ್ ಯಾವ ಯಾವ ಅನುಮತಿ ಕೇಳುತ್ತದೆ ಎಂದು ಬರೆದಿರುತ್ತದೆ. ಕಂತಿನ ವಿವರ ತುಂಬುವ ಆ್ಯಪ್‌ಗೆ ಎಸ್‌ಎಂಎಸ್ ಓದುವ ಅಧಿಕಾರ ಏಕೆ? ಈ ಪ್ರಶ್ನೆ ಕೇಳುವುದನ್ನೇ ಉದ್ಯೋಗ ಮಾಡಿಕೊಂಡವರು ಮಾಲ್‌ವೇರ್, ಅಂದರೆ ಕೇಡು ಮಾಡುವ ತಂತ್ರಾಂಶದ ವಿಶ್ಲೇಷಕರು. ನಿನಗೆ ಆ ಪ್ರಶ್ನೆ ತಾನಾಗಿಯೇ ಬಂದಿದೆ. ಅದು ಸಣ್ಣ ಮಾತಲ್ಲ.

ಇನ್ನು ನನ್ನ ಕೆಲಸ. ಬೆಂಗಳೂರಿನಲ್ಲಿ ಎಸ್‌ಒಸಿ, ಅಂದರೆ ಭದ್ರತಾ ನಿಗಾ ಕೇಂದ್ರದಲ್ಲಿ ನಾಲ್ಕನೆಯ ವರ್ಷ. ವಿಜಯಪುರದವರಿಗೆ ಉಪ್ಪಲಿ ಬುರುಜು ಗೊತ್ತು. ಅದರ ಮೇಲೆ ನಿಂತವನು ಯುದ್ಧ ಮಾಡುವುದಿಲ್ಲ. ಸುತ್ತಲೂ ನೋಡುತ್ತಾನೆ, ಧೂಳು ಎದ್ದ ದಿಕ್ಕನ್ನು ಕೂಗಿ ಹೇಳುತ್ತಾನೆ. ಮೊದಲ ಹಂತದ ವಿಶ್ಲೇಷಕನ ಕೆಲಸ ಅಷ್ಟೇ, ಆದರೆ ಅದು ಕಷ್ಟದ ಕೆಲಸ. ದಿನಕ್ಕೆ ಬರುವ ಎಚ್ಚರಿಕೆಗಳಲ್ಲಿ ಬಹುಪಾಲು ಸುಳ್ಳು. ನಿಜವಾದದ್ದು ಅವುಗಳ ನಡುವೆ ಅಡಗಿರುತ್ತದೆ.

ಒಂದು ರಾತ್ರಿಯ ಕಥೆ ಹೇಳುತ್ತೇನೆ. ವಿಂಡೋಸ್‌ನಲ್ಲಿ ಲಾಗಿನ್ ವಿಫಲವಾದರೆ 4625 ಸಂಖ್ಯೆಯ ದಾಖಲೆ ಬೀಳುತ್ತದೆ, ಯಶಸ್ವಿಯಾದರೆ 4624. ರಾತ್ರಿ ಎರಡೂವರೆಗೆ ಒಂದೇ ವಿಳಾಸದಿಂದ ಬೇರೆ ಬೇರೆ ಸಿಬ್ಬಂದಿಯ ಹೆಸರಿನಲ್ಲಿ 4625 ಸಾಲುಗಟ್ಟಿ ಬರುತ್ತಿತ್ತು. ಪ್ರತಿ ಹೆಸರಿಗೂ ಒಂದೋ ಎರಡೋ ಪ್ರಯತ್ನ ಮಾತ್ರ. ಒಂದೇ ಖಾತೆಗೆ ಪದೇ ಪದೇ ಪ್ರಯತ್ನಿಸಿದರೆ ಅದಕ್ಕೆ ಬೀಗ ಬೀಳುತ್ತದೆ, ಅದಕ್ಕೇ ಸುಲಭದ ಒಂದು ಪಾಸ್‌ವರ್ಡನ್ನು ಎಲ್ಲರ ಮೇಲೂ ಪ್ರಯತ್ನಿಸುತ್ತಿದ್ದರು. ಇದಕ್ಕೆ ಪಾಸ್‌ವರ್ಡ್ ಸ್ಪ್ರೇಯಿಂಗ್ ಎನ್ನುತ್ತಾರೆ. ನಾನು ನೋಡುತ್ತಿದ್ದಂತೆಯೇ ನಡುವೆ ಒಂದು 4624 ಬಂತು. ಯಾರದೋ ಬಾಗಿಲು ತೆರೆದಿತ್ತು. ಹಿರಿಯರನ್ನು ನಿದ್ದೆಯಿಂದ ಎಬ್ಬಿಸಿದೆ, ಆ ಖಾತೆಯನ್ನು ನಿಲ್ಲಿಸಿದೆವು. ಬೆಳಿಗ್ಗೆ ಕಚೇರಿಗೆ ಬಂದವರಿಗೆ ಏನೂ ಗೊತ್ತಾಗಲಿಲ್ಲ. ಆ ದಿನ ನನಗಾದ ಸಮಾಧಾನವನ್ನು ಹೇಳಿ ತೀರಿಸಲಾರೆ. ಇಷ್ಟಕ್ಕೆ ನಾನು ಯಾವ ‘ಹ್ಯಾಕಿಂಗ್’ ಉಪಕರಣವನ್ನೂ ಮುಟ್ಟಲಿಲ್ಲ. ದಾಖಲೆ ಓದಲು ಬರುತ್ತಿತ್ತು, ಅಷ್ಟೇ.

ಸಂದರ್ಶನದಲ್ಲಿ ನನ್ನನ್ನು ಕೇಳಿದ್ದು: ಬ್ರೌಸರ್‌ನಲ್ಲಿ ವಿಳಾಸ ಬರೆದು ಎಂಟರ್ ಒತ್ತಿದಾಗ ಏನೇನು ನಡೆಯುತ್ತದೆ? ಟಿಸಿಪಿ ಸಂಪರ್ಕ ಶುರುವಾಗುವಾಗ ಮೂರು ಹೆಜ್ಜೆ ಯಾವುವು? 22, 53, 443, 445, 3389 ಪೋರ್ಟ್‌ಗಳು ಯಾವ ಕೆಲಸಕ್ಕೆ? ಲಿನಕ್ಸ್‌ನಲ್ಲಿ ದೊಡ್ಡ ಲಾಗ್ ಫೈಲ್‌ನಿಂದ ಒಂದು ವಿಳಾಸವನ್ನು ಹುಡುಕುವುದು ಹೇಗೆ? ಇವೆಲ್ಲವನ್ನೂ ಒಂದು ರೂಪಾಯಿ ಖರ್ಚಿಲ್ಲದೆ ಕಲಿಯಬಹುದು.

4 ಜಿಬಿ ಲ್ಯಾಪ್‌ಟಾಪ್ ಸಾಕು, ಸದ್ಯಕ್ಕೆ. ಓವರ್‌ದಿವೈರ್ ಎಂಬ ತಾಣದಲ್ಲಿ ‘ಬ್ಯಾಂಡಿಟ್’ ಎಂಬ ಆಟವಿದೆ. ದೂರದ ಲಿನಕ್ಸ್ ಯಂತ್ರಕ್ಕೆ ಎಸ್‌ಎಸ್‌ಎಚ್ ಮೂಲಕ ಹೋಗುವುದು, ಪ್ರತಿ ಹಂತದಲ್ಲಿ ಮುಂದಿನ ಹಂತದ ಪಾಸ್‌ವರ್ಡ್ ಹುಡುಕುವುದು. ನಿನ್ನ ಯಂತ್ರದಲ್ಲಿ ಭಾರದ್ದೇನನ್ನೂ ತುಂಬಿಕೊಳ್ಳಬೇಕಿಲ್ಲ. ಇಂದು ರಾತ್ರಿಯೇ ಶುರು ಮಾಡು.

ಹಿಂಡಲಗಾ_ರಸ್ತೆ:
ಈ ಮಾತು 2021ರಲ್ಲಿ ನನಗೆ ಯಾರಾದರೂ ಹೇಳಿದ್ದರೆ!

ಜಮಖಂಡಿ_17:
ಅಣ್ಣಾ, ನಾನು ಪಿಯುಸಿ. ನಮ್ಮ ಕಾಲೇಜಿನ ಫಲಿತಾಂಶದ ತಾಣದಲ್ಲಿ ಎಸ್‌ಕ್ಯೂಎಲ್ ಇಂಜೆಕ್ಷನ್ ದೋಷ ಇದೆ, ಅಂದರೆ ಖಾಲಿ ಜಾಗದಲ್ಲಿ ಆಜ್ಞೆ ಬರೆದರೆ ದತ್ತಾಂಶವೇ ತೆರೆಯುತ್ತದೆ, ನಾನೇ ಕಂಡುಹಿಡಿದೆ. ಎಲ್ಲರ ಅಂಕವೂ ಕಾಣುತ್ತದೆ. ಇದಕ್ಕೆ ಬಗ್ ಬೌಂಟಿ, ಅಂದರೆ ದೋಷ ಹುಡುಕಿದವರಿಗೆ ಕೊಡುವ ಬಹುಮಾನ ಸಿಗುತ್ತದೆಯೇ?

ನವನಗರದವನು:
@ಜಮಖಂಡಿ_17 ಈಗಿಂದೀಗಲೇ ನಿಲ್ಲಿಸು. ಇನ್ನೊಂದು ಬಾರಿ ಆ ತಾಣವನ್ನು ಹಾಗೆ ತೆರೆಯಬೇಡ.

ವಿದ್ಯಾಗಿರಿ_ಮೇಷ್ಟ್ರು:
ತಮ್ಮಾ, ನಿನ್ನ ಜಾಣತನ ನೋಡಿ ಸಂತೋಷವಾಯಿತು, ಅದಕ್ಕೇ ಕಟುವಾಗಿ ಹೇಳುತ್ತಿದ್ದೇನೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಂ ಓದು. ಮಾಲೀಕರ ಅನುಮತಿ ಇಲ್ಲದೆ ಕಂಪ್ಯೂಟರ್ ವ್ಯವಸ್ಥೆಯೊಳಗೆ ಹೋಗುವುದೇ ತಪ್ಪು. ಅಪ್ರಾಮಾಣಿಕ ಅಥವಾ ವಂಚನೆಯ ಉದ್ದೇಶ ಸೇರಿದರೆ 66ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ನಿನ್ನ ಉದ್ದೇಶ ಒಳ್ಳೆಯದಿತ್ತು ಎಂದು ಠಾಣೆಯಲ್ಲಿ ಯಾರಿಗೆ ವಿವರಿಸುತ್ತೀಯಾ? ಬಗ್ ಬೌಂಟಿ ಎಂದರೆ ಸಂಸ್ಥೆಯೇ ‘ನಮ್ಮ ಇಷ್ಟು ಭಾಗವನ್ನು ಪರೀಕ್ಷಿಸಿ’ ಎಂದು ಲಿಖಿತವಾಗಿ ಕರೆದಿರಬೇಕು. ಕರೆಯದ ಮನೆಗೆ ಹೋಗಿ ಬೀಗ ಸಡಿಲವಿದೆ ಎಂದು ಕಾಣಿಕೆ ಕೇಳುವಂತಿಲ್ಲ.

ಜಮಖಂಡಿ_17:
ಸರ್, ನಾನು ಏನನ್ನೂ ಇಳಿಸಿಕೊಂಡಿಲ್ಲ, ಅಂಕ ಬದಲಿಸಿಲ್ಲ. ನಿಜ. ಈಗ ಭಯವಾಗುತ್ತಿದೆ.

ಅಥಣಿ_ಅಕ್ಕ:
ಹೆದರಬೇಡ ತಮ್ಮಾ. ನಿನಗೆ ನಂಬಿಕೆಯಿರುವ ಒಬ್ಬ ಉಪನ್ಯಾಸಕರ ಬಳಿ ಅಪ್ಪನನ್ನೂ ಕರೆದುಕೊಂಡು ಹೋಗಿ ಇದ್ದದ್ದನ್ನು ಇದ್ದಂತೆ ಹೇಳು. ಸರ್ಟ್-ಇನ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆಯೂ ಇಂಥ ದೋಷಗಳ ವರದಿ ಸ್ವೀಕರಿಸುತ್ತದೆ. ಗೆಳೆಯರ ಗುಂಪಿನಲ್ಲಿ ಮಾತ್ರ ಹಂಚಬೇಡ, ಅದರಲ್ಲಿ ಬೇರೆ ಹುಡುಗಿಯರ, ಹುಡುಗರ ಅಂಕಗಳಿವೆ. ಅವರ ಮಾನವೂ ಇದೆ.

ಕಲಿಯುವ ಹಸಿವಿದ್ದರೆ ನಿನ್ನದೇ ಯಂತ್ರದಲ್ಲಿ ಜ್ಯೂಸ್ ಶಾಪ್ ಹಾಕಿಕೋ. ಓವಾಸ್ಪ್ ಎಂಬ ವೆಬ್ ಭದ್ರತಾ ಸಂಸ್ಥೆಯವರು ಕಲಿಯುವವರಿಗಾಗಿ ಬೇಕೆಂದೇ ದೋಷಗಳನ್ನು ಇಟ್ಟು ಕಟ್ಟಿದ ಆನ್‌ಲೈನ್ ಅಂಗಡಿಯದು. ಪೋರ್ಟ್‌ಸ್ವಿಗ್ಗರ್‌ನವರ ವೆಬ್ ಸೆಕ್ಯುರಿಟಿ ಅಕಾಡೆಮಿ ಪೂರ್ತಿ ಉಚಿತ, ಎಸ್‌ಕ್ಯೂಎಲ್ ಇಂಜೆಕ್ಷನ್‌ಗೇ ಹಲವು ಅಭ್ಯಾಸಗಳಿವೆ. ಅಲ್ಲಿ ಎಷ್ಟು ಬೇಕಾದರೂ ಒಡೆ.

ಜಮಖಂಡಿ_17:
ಆಯಿತು ಅಕ್ಕಾ. ನಾಳೆಯೇ ಅಪ್ಪನಿಗೆ ಹೇಳುತ್ತೇನೆ.

ಗೋಕಾಕ_ಸಹಕಾರಿ:
ನಾನು ಗೋಕಾಕ ಕಡೆಯ ಒಂದು ಸಹಕಾರಿ ಬ್ಯಾಂಕಿನಲ್ಲಿ ಹದಿನಾರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಎಲ್ಲರೂ ಬೆಂಗಳೂರು ಎನ್ನುತ್ತೀರಿ, ನಮ್ಮ ಕಡೆ ಒಮ್ಮೆ ನೋಡಿ.

2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮೊಸ್ ಸಹಕಾರಿ ಬ್ಯಾಂಕಿನಿಂದ ಸುಮಾರು 94 ಕೋಟಿ ರೂಪಾಯಿ ಹೋಯಿತು. ಎಟಿಎಂ ವಹಿವಾಟಿಗೆ ಒಪ್ಪಿಗೆ ಕೊಡುವ ವ್ಯವಸ್ಥೆಯೊಳಗೇ ಕಳ್ಳರು ಕುಳಿತಿದ್ದರು. ನಕಲಿ ಕಾರ್ಡ್‌ಗಳಿಂದ 28 ದೇಶಗಳಲ್ಲಿ ಹಣ ತೆಗೆದರು. ಪುಣೆ ನಮಗೆ ದೂರವೇ? ಅದಾದ ಮೇಲೆ 2019ರ ಡಿಸೆಂಬರ್ 31ರಂದು ರಿಸರ್ವ್ ಬ್ಯಾಂಕ್ ನಗರ ಸಹಕಾರಿ ಬ್ಯಾಂಕುಗಳಿಗೆ ಸೈಬರ್ ಭದ್ರತಾ ಚೌಕಟ್ಟು ಹೊರಡಿಸಿತು. ಬ್ಯಾಂಕು ಕೊಡುವ ಡಿಜಿಟಲ್ ಸೇವೆಗಳಿಗೆ ತಕ್ಕಂತೆ ನಾಲ್ಕು ಹಂತ. ನಾಲ್ಕನೆಯ ಹಂತದವರಿಗೆ ನಿಗಾ ಕೇಂದ್ರವೇ ಬೇಕು. 2024ರ ಜುಲೈನಲ್ಲಿ ಸಣ್ಣ ಬ್ಯಾಂಕುಗಳಿಗೆ ತಂತ್ರಾಂಶ ಒದಗಿಸುವ ಒಂದು ಕಂಪನಿಗೆ ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ತಂತ್ರಾಂಶ) ತಗುಲಿದಾಗ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ನಿಂತಿತು.

ಇಷ್ಟಾದರೂ ಎರಡು ವರ್ಷದ ಹಿಂದೆ ನಮ್ಮ ಬ್ಯಾಂಕಿಗೆ ಲೆಕ್ಕಪರಿಶೋಧಕರು ಬಂದಾಗ ಕಂಡದ್ದು: ನಿವೃತ್ತರಾದವರ ಲಾಗಿನ್‌ಗಳು ಜೀವಂತವಾಗಿದ್ದವು, ಒಂದು ಶಾಖೆಯಲ್ಲಿ ವಿಂಡೋಸ್ 7 ಓಡುತ್ತಿತ್ತು. ಅದಕ್ಕೆ ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ಬೆಂಬಲ ನಿಲ್ಲಿಸಿದೆ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಜಾಯಮಾನ ನಮ್ಮದು ಎಂದು ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಕೆಲವರಿಗೆ ಕೋಪ ಬಂತು. ಬರಲಿ. ಅಲ್ಲಿರುವುದು ರೈತರ, ವಿಧವೆಯರ, ನಿವೃತ್ತ ಶಿಕ್ಷಕರ ಠೇವಣಿ.

ವಿಜಯಪುರ, ಬಾಗಲಕೋಟೆ, ಬೆಳಗಾವಿ, ಈ ಮೂರು ಜಿಲ್ಲೆಗಳಲ್ಲಿ ಇಷ್ಟು ಸಹಕಾರಿ ಬ್ಯಾಂಕುಗಳಿವೆ, ಸಕ್ಕರೆ ಕಾರ್ಖಾನೆಗಳಿವೆ, ಆಸ್ಪತ್ರೆಗಳಿವೆ. ಇಲ್ಲಿಯ ಮಕ್ಕಳು ಇಲ್ಲಿಯ ಕೆಲಸಕ್ಕೆ ಬೇಕು.

ಹಿಂಡಲಗಾ_ರಸ್ತೆ:
ಸರ್, ಬೇಕು ಎನ್ನುವುದು ಬೇರೆ, ಸಂಬಳ ಕೊಡುವುದು ಬೇರೆ. ಬೆಳಗಾವಿಯಲ್ಲಿ ನಾನು ಕೇಳಿದ ಒಂದು ಕಡೆ ತಿಂಗಳಿಗೆ 11,000 ಎಂದರು, ಜೊತೆಗೆ ಪ್ರಿಂಟರ್ ರಿಪೇರಿಯೂ ನನ್ನದೇ. ಬೆಂಗಳೂರಿನಲ್ಲಿ ಶುರುವಿಗೇ ಅದರ ಎರಡು ಪಟ್ಟು ಸಿಕ್ಕಿತು.

ಗೋಕಾಕ_ಸಹಕಾರಿ:
ಒಪ್ಪುತ್ತೇನೆ. ಅದು ನಮ್ಮ ಆಡಳಿತ ಮಂಡಳಿಗಳ ತಪ್ಪು, ಹುಡುಗರದ್ದಲ್ಲ. ಆದರೂ ನಿಯಮ ಬಂದ ಮೇಲೆ ಪರಿಸ್ಥಿತಿ ಬದಲಾಗುತ್ತಿದೆ. ಬೆಂಗಳೂರಿನಲ್ಲಿ ಮೂರು ವರ್ಷ ಕಲಿತು ಬಂದವರಿಗೆ ಇಲ್ಲಿ ಹಲವು ಬ್ಯಾಂಕುಗಳ ಕೆಲಸವನ್ನು ಒಟ್ಟಿಗೆ ಹಿಡಿಯುವ ಅವಕಾಶವಿದೆ.

ನವನಗರದವನು:
ಮೊದಲ ಕೆಲಸಕ್ಕೆ ಊರು ಬಿಡಬೇಕಾದೀತು ಎಂದೇ ನನ್ನ ಅನುಭವ. ಬಸವ ಎಕ್ಸ್‌ಪ್ರೆಸ್ ಹತ್ತಿದ ದಿನ ನಾನೂ ಅತ್ತಿದ್ದೆ. ಆದರೆ ನೆಟ್‌ವರ್ಕ್ ಕಾಯುವ ಕೆಲಸ, ಐಟಿ ಸಹಾಯವಾಣಿಯ ಕೆಲಸ ಊರಲ್ಲೇ ಸಿಕ್ಕರೆ ಕೀಳೆಂದು ಬಿಡಬೇಡಿ. ಪ್ರಿಂಟರ್ ರಿಪೇರಿ ಮಾಡಿದವನಿಗೆ ಕಚೇರಿಯ ಜಾಲ ಹೇಗೆ ಹರಡಿದೆ ಎಂಬುದು ಕೈಗೇ ಗೊತ್ತಿರುತ್ತದೆ.

ಅಥಣಿ_ಅಕ್ಕ:
@ಸಿಂದಗಿ_ಕಾಮರ್ಸ್ ಇಷ್ಟು ಹೊತ್ತು ನಿಮಗೆ ಯಾರೂ ಉತ್ತರ ಕೊಟ್ಟಿಲ್ಲ. ನಾನೂ ಬಿ.ಕಾಂ. ಓದಿದವಳು, ಈಗ ಪುಣೆಯಲ್ಲಿ ಐಎಸ್‌ಒ 27001, ಅಂದರೆ ಮಾಹಿತಿ ಭದ್ರತೆಯ ಅಂತರರಾಷ್ಟ್ರೀಯ ಮಾನದಂಡದ ಪರಿಶೋಧನೆ ಮಾಡುತ್ತೇನೆ. ಅದರ 2022ರ ಆವೃತ್ತಿಯಲ್ಲಿ 93 ನಿಯಂತ್ರಣಗಳಿವೆ. ಕೆಲಸ ಬಿಟ್ಟವರ ಲಾಗಿನ್ ತೆಗೆದಿರಾ, ಬ್ಯಾಕಪ್ ಇಟ್ಟಿರಾ, ಇಟ್ಟದ್ದನ್ನು ಮರಳಿ ತೆಗೆದು ನೋಡಿದಿರಾ ಎಂದು ಪುರಾವೆ ಸಹಿತ ಕೇಳುವುದು. ಗೋಕಾಕದ ಸರ್ ಹೇಳಿದ ಲೋಪಗಳು ಇಂಥ ಪರಿಶೋಧನೆಯಲ್ಲೇ ಸಿಗುತ್ತವೆ. ನಿಮಗೆ ಲೆಡ್ಜರ್ ತಾಳೆ ನೋಡುವ ಕಣ್ಣಿದೆ, ಅದು ಇಲ್ಲಿ ಬೇಕು. ಕೋಡಿಂಗ್ ಬೇಕಿಲ್ಲ, ಆದರೆ ನೆಟ್‌ವರ್ಕಿನ ಮೂಲಪಾಠ ಬೇಕೇ ಬೇಕು. ಅದಿಲ್ಲದಿದ್ದರೆ ಎದುರಿಗೆ ಕುಳಿತವರು ಹೇಳಿದ್ದೆಲ್ಲ ಸರಿ ಎನಿಸುತ್ತದೆ.

@ಇಂಡಿ_ಲಿಂಬೆತೋಟ ನೀನು ಕೇಳಲಿಲ್ಲ, ಆದರೆ ಮನೆಯಲ್ಲಿ ಕೇಳುತ್ತಾರೆ: ನಿಗಾ ಕೇಂದ್ರದಲ್ಲಿ ರಾತ್ರಿ ಪಾಳಿ ಇರುತ್ತದೆ. ಕೆಲಸ ಒಪ್ಪುವ ಮೊದಲು ವಾಹನ ಕಳಿಸುತ್ತಾರೆಯೇ, ತಿಂಗಳಿಗೆ ಎಷ್ಟು ರಾತ್ರಿ ಎಂದು ಸಂಕೋಚವಿಲ್ಲದೆ ಕೇಳು.

ಇಂಡಿ_ಲಿಂಬೆತೋಟ:
ಅಕ್ಕಾ, ನಿನ್ನೆ ಅವ್ವ ಕೇಳಿದ ಮೊದಲ ಪ್ರಶ್ನೆಯೇ ಅದು. ಇನ್ನೊಂದು ಅಳುಕಿದೆ. ನಾನು ಹತ್ತನೆಯವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷ್ ಓದಿದರೆ ತಿಳಿಯುತ್ತದೆ, ಮಾತನಾಡಲು ಬಾಯಿ ಕಟ್ಟುತ್ತದೆ.

ನವನಗರದವನು:
ನಾನೂ ಕನ್ನಡ ಮಾಧ್ಯಮವೇ. ಈ ಕೆಲಸದಲ್ಲಿ ಭಾಷಣಕ್ಕಿಂತ ಬರವಣಿಗೆ ಹೆಚ್ಚು. ಏನು ನಡೆಯಿತು, ಎಷ್ಟು ಗಂಟೆಗೆ, ಯಾವ ಯಂತ್ರದಲ್ಲಿ, ನಾನು ಏನು ಮಾಡಿದೆ: ಚಿಕ್ಕ ಚಿಕ್ಕ ವಾಕ್ಯ. ಬ್ಯಾಂಡಿಟ್‌ನ ಪ್ರತಿ ಹಂತ ಮುಗಿದ ಮೇಲೆ ನಾಲ್ಕು ಸಾಲು ಇಂಗ್ಲಿಷಿನಲ್ಲಿ ಬರೆದಿಡು. ಸಂದರ್ಶನಕ್ಕೆ ಅದೇ ತಯಾರಿ.

ವಿದ್ಯಾಗಿರಿ_ಮೇಷ್ಟ್ರು:
ಮೊದಲು ಕನ್ನಡದಲ್ಲಿ ಅರ್ಥ ಮಾಡಿಕೊಳ್ಳಮ್ಮ. ಎನ್‌ಕ್ರಿಪ್ಷನ್ ಇಲ್ಲದ ಸಂಪರ್ಕ ಎಂದರೇನು ಎಂದು ನಾನು ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಿಂದ ಹೇಳುತ್ತೇನೆ. ಈ ಬದಿಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ದು ಎದುರು ಬದಿಯ ಗೆಳೆಯನಿಗಷ್ಟೇ ಅಲ್ಲ, ಗೋಡೆಗೆ ಕಿವಿ ಕೊಟ್ಟ ಯಾರಿಗಾದರೂ ಕೇಳುತ್ತದೆ. ಮಾತನ್ನೇ ಸಂಕೇತದಲ್ಲಿ ಆಡಿದರೆ ಕೇಳಿಸಿದರೂ ತಿಳಿಯುವುದಿಲ್ಲ.

ಸಿಂದಗಿ_ಕಾಮರ್ಸ್:
ಈಗ ಅರ್ಥವಾಯಿತು ಸರ್! ಅಥಣಿ ಅಕ್ಕನವರಿಗೂ ಧನ್ಯವಾದ. ಅಂದಹಾಗೆ ಇಂಡಿಯಲ್ಲಿ ಈ ವಾರ ಲಿಂಬೆಗೆ ದರ ಹೇಗಿದೆ?

ಇಂಡಿ_ಲಿಂಬೆತೋಟ:
ಇಳಿದಿದೆ. ಅದಕ್ಕೇ ಸಾಲದ ಮಾತು ಬಂದದ್ದು.

ಗೋಕಾಕ_ಸಹಕಾರಿ:
ಓದುವ ಎಲ್ಲರಿಗೂ ಒಂದು ವಿನಂತಿ. ಹಣ ಹೋದದ್ದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬ್ಯಾಂಕಿನವನಾಗಿ ಹೇಳುತ್ತೇನೆ, ಹಣ ಇನ್ನೂ ಮೊದಲ ಖಾತೆಯಲ್ಲಿದ್ದರೆ ತಡೆಹಿಡಿಯಬಹುದು. ಮೂರನೆಯ ದಿನಕ್ಕೆ ನಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಜಿಲ್ಲಾ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಆಮೇಲೆ ಹೋಗಬಹುದು, ಮೊದಲು ಕರೆ. ಆ ಸಂಖ್ಯೆಯನ್ನು ಮನೆಯ ಕ್ಯಾಲೆಂಡರ್ ಮೇಲೆ ದೊಡ್ಡದಾಗಿ ಬರೆದಿಡಿ.

ಇಂಡಿ_ಲಿಂಬೆತೋಟ (ಹನ್ನೊಂದು ದಿನಗಳ ನಂತರ):
ಅಪ್ಪ ಸಾಲದ ಅರ್ಜಿ ವಾಪಸ್ ತೆಗೆದುಕೊಂಡರು. ಸಂಸ್ಥೆಯವರು ನಾಲ್ಕು ಬಾರಿ ಫೋನ್ ಮಾಡಿದರು. ‘ಕೆಲಸ ಸಿಗದಿದ್ದರೆ ಶುಲ್ಕ ಹಿಂದಿರುಗಿಸುತ್ತೇವೆ ಎಂದು ಬರೆದುಕೊಡಿ’ ಎಂದೆ. ಆಮೇಲೆ ಕರೆ ಬಂದಿಲ್ಲ.

ಕಾಕಾನ ಮೊಬೈಲಿನಲ್ಲಿ ಆ ಎಪಿಕೆ ಇನ್ನೂ ಇತ್ತು. ಅದನ್ನು ಯಾವ ಫೋನಿನಲ್ಲೂ ಹಾಕದೆ ಲ್ಯಾಪ್‌ಟಾಪಿನಲ್ಲಿ ಜಡ್ಎಕ್ಸ್ ಎಂಬ ಉಚಿತ ಉಪಕರಣದಿಂದ ಮ್ಯಾನಿಫೆಸ್ಟ್ ಮಾತ್ರ ತೆರೆದು ನೋಡಿದೆ. ಎಸ್‌ಎಂಎಸ್ ಸ್ವೀಕರಿಸುವ, ಓದುವ, ಕಳಿಸುವ ಮೂರೂ ಅನುಮತಿಗಳು ಅದರಲ್ಲಿದ್ದವು. ಕಾಕಾನನ್ನು ಕರೆದು ತೋರಿಸಿದೆ. ಅವರು ಬಹಳ ಹೊತ್ತು ಪರದೆ ನೋಡುತ್ತ ಕುಳಿತರು. ‘ನಾನು ಒಟಿಪಿ ಹೇಳಿರಲಿಲ್ಲ ನೋಡು’ ಎಂದರು. ಒಂದು ವರ್ಷದಿಂದ ಮನೆಯವರೆಲ್ಲ ಅವರನ್ನೇ ಬೈದಿದ್ದೆವು.

ಬ್ಯಾಂಡಿಟ್‌ನಲ್ಲಿ ಹನ್ನೆರಡನೆಯ ಹಂತಕ್ಕೆ ಬಂದು ನಿಂತಿದ್ದೇನೆ. ಹೆಕ್ಸ್‌ಡಂಪ್ (ಫೈಲ್ ಅನ್ನು ಸಂಕೇತಾಂಕಗಳಲ್ಲಿ ಬರೆದ ರೂಪ) ಅನ್ನು ಮೂಲ ಫೈಲ್ ಮಾಡಿದೆ, ಬಿಚ್ಚಿದೆ, ಒಳಗೆ ಇನ್ನೊಂದು ಕಟ್ಟು ಬಂತು. ಎರಡು ದಿನವಾಯಿತು. ಉತ್ತರ ಬೇಡ, ದಾರಿ ಮಾತ್ರ ಹೇಳಿ.

ನವನಗರದವನು:
ಶಾಬಾಶ್ ತಂಗಿ! ಆ ಎಪಿಕೆಯನ್ನು ಯಾರಿಗೂ ಕಳಿಸಬೇಡ, ಕಾಕಾನ ದೂರಿಗೆ ಅದು ಸಾಕ್ಷ್ಯವಾಗಬಹುದು. ಸಿಇಎನ್ ಠಾಣೆಯವರಿಗೆ ಇದನ್ನು ತಿಳಿಸು, ಫೋನಿನಿಂದ ಅಳಿಸುವುದು ಆಮೇಲೆ.

ಹನ್ನೆರಡನೆಯ ಹಂತಕ್ಕೆ: ಪ್ರತಿ ಬಾರಿ ಬಿಚ್ಚಿದ ಮೇಲೆ ‘ಫೈಲ್’ ಎಂಬ ಆಜ್ಞೆ ಕೊಟ್ಟು ಅದು ಯಾವ ಬಗೆಯ ಕಟ್ಟು ಎಂದು ಕೇಳು. ಎಲ್ಲವೂ ಒಂದೇ ಬಗೆಯವಲ್ಲ.

ಜಮಖಂಡಿ_17:
ಅಕ್ಕಾ, ಹೆಸರಿನ ಕೊನೆಯ ವಿಸ್ತರಣೆಯನ್ನೂ ಪ್ರತಿ ಬಾರಿ ಬದಲಿಸಿ. ನಾನು ಅಲ್ಲೇ ಸಿಕ್ಕಿಕೊಂಡಿದ್ದೆ. ನಮ್ಮ ಕಾಲೇಜಿನ ತಾಣ ಸರಿಪಡಿಸಿದ್ದಾರೆ, ಪ್ರಾಚಾರ್ಯರು ಅಪ್ಪನಿಗೆ ಚಹಾ ಕೊಟ್ಟು ಕಳಿಸಿದರು.

ಇಂಡಿ_ಲಿಂಬೆತೋಟ:
ತೆರೆಯಿತು! ಹದಿಮೂರಕ್ಕೆ ಹೋಗುತ್ತಿದ್ದೇನೆ.